ಎರಡು ಪಂಚಮಿಯ ಗುಡ್ಡ

ಎರೆಹೊಲಗಳ ನಡುವೆ ಬೋಳಾಗಿ ನಿಂತಿರುವ ಈ ಗುಡ್ಡಕ್ಕೆ ಮರವಿಲ್ಲ, ಗುಡಿಯಿಲ್ಲ. ನೆತ್ತಿಯ ಮೇಲೆ ಒಂದು ಕಲ್ಲುಗುಂಪೆ ಇದೆ, ಅಷ್ಟೆ. ಕಚೇರಿಯ ಕಾಗದದಲ್ಲಿ ಬೇರೇನೋ ಹೆಸರಿದ್ದೀತು. ಸುತ್ತಲಿನ ಊರವರಿಗೆ ಮಾತ್ರ ಇದು ಎರಡು ಪಂಚಮಿಯ ಗುಡ್ಡ. ನಾಗಪ್ಪನಿಗೆ ಹಾಲೆರೆಯುವ ಪಂಚಮಿ ಇದಲ್ಲ ಬಿಡಿ. ಜೋಕಾಲಿ ಕಟ್ಟಲು ಇಲ್ಲಿ ಕೊಂಬೆಯಾದರೂ ಎಲ್ಲಿದೆ?

ಹಿಂದೆ ಒಮ್ಮೆ, ಬಾದಶಹರ ದಂಡುಗಳು ತಿರುಗಾಡುತ್ತಿದ್ದ ಕಾಲದಲ್ಲಿ, ಇಲ್ಲಿಗೆ ಒಂದು ಹಗಲಿನ ದಾರಿಯ ಊರಿನಲ್ಲಿ ನಿಂಬೆವ್ವ ಎಂಬ ವಿಧವೆ ಇದ್ದಳಂತೆ. ಅವಳ ಒಬ್ಬಳೇ ಮಗಳು ದಾನವ್ವನನ್ನು ದಂಡಿನ ಜೊತೆ ಬಂದ, ಕುದುರೆಗಳ ಜೀನು ಹೊಲಿಯುವವನೊಬ್ಬ ಮದುವೆಯಾಗಿ ನರ್ಮದೆಯ ಆಚೆಗೆ ಕರೆದೊಯ್ದ. ಹನ್ನೊಂದು ವರ್ಷ ತಾಯಿಮಗಳು ಮುಖ ಕಾಣಲಿಲ್ಲ. ಒಂದು ಶ್ರಾವಣದಲ್ಲಿ ಬೈರಾಗಿಯೊಬ್ಬ ಮಗಳ ಮಾತು ತಂದ. ಗಂಡ ತೀರಿಕೊಂಡಿದ್ದಾನೆ, ಎತ್ತಿನ ಮೇಲೆ ಸರಕು ಸಾಗಿಸುವ ಹೇರೆತ್ತಿನವರ ಜೊತೆ ಬರುತ್ತೇನೆ, ಅವರು ಬೋಳುಗುಡ್ಡದ ಬಳಿ ಬೇರೆ ದಾರಿ ಹಿಡಿಯುತ್ತಾರೆ, ಕಾರ್ತಿಕ ಬಹುಳ ಪಂಚಮಿಗೆ ಅಲ್ಲಿಗೆ ಬಂದು ಕರೆದುಕೊಂಡು ಹೋಗು ಎಂದು ಹೇಳಿಕಳಿಸಿದ್ದಳು.

ನಿಂಬೆವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ಸಂಜೆ ಹಂಡೆ ಬೆಳಗುತ್ತ, ಬರುವ ವರ್ಷ ಮಗಳಿಗೇ ಎಣ್ಣೆ ಒತ್ತುತ್ತೇನೆಂದು ನೆರೆಯವರ ಮುಂದೆ ಹೇಳಿ ನಕ್ಕಳಂತೆ. ಅಮಾವಾಸ್ಯೆ ಕಳೆದು ಕಾರ್ತಿಕ ಹುಟ್ಟಿತು, ಹುಣ್ಣಿಮೆಯೂ ಆಯಿತು. ಪಂಚಮಿಗೆ ಎರಡು ದಿನ ಮೊದಲೇ ಬುತ್ತಿ ಕಟ್ಟಿಕೊಂಡು ಬಂದು ಗುಡ್ಡ ಹತ್ತಿದಳು. ಮೇಲೆ ಹೊಸದಾಗಿ ಒಟ್ಟಿದ ಕಲ್ಲುಗಳಿದ್ದವು, ಕುರಿ ಕಾಯುವ ಮಾಳಿಂಗಪ್ಪ ಇದ್ದ. ಯಾರ ದಾರಿ ಕಾಯುತ್ತೀ ಎಂದು ಕೇಳಿದ ಅವನು ದಾನವ್ವನ ಹೆಸರು ಕಿವಿಗೆ ಬಿದ್ದದ್ದೇ ಅವಳನ್ನು ಕಲ್ಲುಗಳ ಪಕ್ಕ ಕೂರಿಸಿ ನಡೆದದ್ದನ್ನು ಹೇಳಿದ.

ದಾನವ್ವ ತಿಂಗಳ ಹಿಂದೆಯೇ ಬಂದಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಹಟ್ಟಿಗೆ ಬಾ ತಾಯಿ ಎಂದು ಅವನು ಎಷ್ಟು ಕರೆದರೂ ಏಳಲಿಲ್ಲ. “ನಮ್ಮವ್ವ ಹೇಳಿದ ದಿನಕ್ಕ ತಪ್ಪಾಕಿ ಅಲ್ಲ. ನಾ ಇಲ್ಲಿಂದ ಎದ್ದು ಹೋದ್ರ, ಬಂದು ಹುಡುಕ್ತಾಳ,” ಎನ್ನುತ್ತಿದ್ದಳಂತೆ. ಎಂಟು ದಿನ ಹೀಗೇ ಕಾದು, ನೀರು ತುಂಬುವ ಹಬ್ಬದ ಸಂಜೆ ಪ್ರಾಣ ಬಿಟ್ಟಳು. ಮಾಳಿಂಗಪ್ಪನೇ ಮಣ್ಣು ಮಾಡಿ ಮೇಲೆ ಕಲ್ಲು ಒಟ್ಟಿದ್ದ.

ಇದರ ಒಗಟು ಬಿಡಿಸಿದವನು ಮರುವರ್ಷ ಬಂದ ಅದೇ ಬೈರಾಗಿ. ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ನರ್ಮದೆಯ ಆಚೆ ಹುಣ್ಣಿಮೆಗೆ. ದೀಪಾವಳಿಗೆ ಮುಂಚಿನ ಕತ್ತಲ ಪಕ್ಷ ನಮಗೆ ಇನ್ನೂ ಆಶ್ವೀಜವಾದರೆ ಅವರಿಗೆ ಆಗಲೇ ಕಾರ್ತಿಕ. ಹನ್ನೊಂದು ವರ್ಷ ಅಲ್ಲಿ ಬಾಳಿದ ಹುಡುಗಿ ಅಲ್ಲಿಯ ಕಾರ್ತಿಕವನ್ನೇ ಹೇಳಿಕಳಿಸಿದ್ದಳು. ಆಕಾಶದಲ್ಲಿ ಚಂದ್ರ ಒಬ್ಬನೇ. ಮಗಳೂ ಮಾತಿಗೆ ತಪ್ಪಲಿಲ್ಲ, ತಾಯಿಯೂ ತಪ್ಪಲಿಲ್ಲ. ಯಾರನ್ನು ಬೈಯುವುದು ಹೇಳಿ! ನಿಂಬೆವ್ವ ಯಾರನ್ನೂ ಬೈಯಲಿಲ್ಲ. “ನಂದು ಸಾಕು. ಇನ್ನ ಆಕಿ ಪಂಚಮಿಗೇ ಬರ್ತೀನಿ,” ಎಂದಳಂತೆ. ಬದುಕಿರುವ ತನಕ ಹಾಗೆಯೇ ಬಂದಳು.

ಇಂದಿಗೂ ಆಶ್ವೀಜ ಬಹುಳ ಪಂಚಮಿಯ ದಿನ, ಮಗಳನ್ನು ದೂರದ ಊರಿಗೆ ಕೊಟ್ಟ ತಾಯಂದಿರು ಗುಡ್ಡ ಹತ್ತಿ, ಹೊತ್ತು ಮುಳುಗುವವರೆಗೆ ಬಡಗಣ ದಿಕ್ಕಿಗೆ ಮುಖ ಮಾಡಿ ಕೂರುವುದನ್ನು ಕಾಣಬಹುದು. ತಿಂಗಳ ಮೇಲೆ ಬರುವ ಎರಡನೆಯ ಪಂಚಮಿಗೆ ಗುಡ್ಡ ಬರಿದು. ಕುರುಬರೂ ಅಂದು ಕುರಿಗಳನ್ನು ಆಚೆ ತಿರುಗಿಸುತ್ತಾರೆ. ಅಂದು ಹತ್ತಿ ಏನು ಮಾಡುವುದು, ತಡವಾಯಿತಲ್ಲ, ಎನ್ನುತ್ತಾರೆ.