ಬದುಕಿದ್ದವಳಿಗೆ ಇಟ್ಟ ಎಡೆ

ಕೃಷ್ಣಾ ತೀರದ ಕಲ್ಲುಗುಡ್ಡದ ಮೇಲೆ ಪೂಜ್ಯ ಗುರುಬಾಯಿ ತಾಯಿಯವರು ಒಂದು ತಗಡಿನ ಜೋಪಡಿಯಲ್ಲಿ ವಾಸವಾಗಿದ್ದರು. ತಾವು ದೇಹ ಬಿಟ್ಟಾಗ ಬೇಕಾದೀತೆಂದು ಅದರ ಪಕ್ಕದಲ್ಲೇ ಸಮಾಧಿಯ ಗವಿಯನ್ನು ತೋಡಿಸಿಟ್ಟಿದ್ದರು. ಸಂಜೆಯಾದರೆ ಅದರೊಳಗೆ ಇಳಿದು ಕೂರುವರು, ದೀಪ ಹಚ್ಚಗೊಡುತ್ತಿರಲಿಲ್ಲ. ಆ ನೆಲದಡಿಯಿಂದ ಒಮ್ಮೊಮ್ಮೆ ಹಲವು ದನಿಗಳು ಕೇಳಿಬರುತ್ತಿದ್ದವು, ನಗೆಯೂ ಕೇಳುತ್ತಿತ್ತು. "ಮುದುಕಿ ದೆವ್ವಗೋಳ್ನ ಸಾಕ್ಯಾಳ" ಎಂದು ಜನ ಆ ದಾರಿಯನ್ನೇ ಬಿಟ್ಟರು. ಊರ ಬಾಯಿಗೆ ಬಾಗಿಲು ಹಾಕಲಾದೀತೇ?

ಒಂದು ಮಹಾಲಯ ಅಮಾವಾಸ್ಯೆಯ ಇಳಿಹೊತ್ತಿನಲ್ಲಿ ತಂಗೆವ್ವನೆಂಬ ಮುದುಕಿ ಮೊಮ್ಮಗಳು ಚಂಪಾಳನ್ನು ಎಳೆದುಕೊಂಡು ಗುಡ್ಡ ಹತ್ತಿದಳು. ಹುಡುಗಿಗೆ ಹುಟ್ಟಿನಿಂದಲೇ ಎಚ್‌ಐವಿ ಇತ್ತು. ತಂದೆತಾಯಿ ಅದರಲ್ಲೇ ತೀರಿಹೋಗಿದ್ದರೂ ಇವಳು ದಿನವೂ ಗುಳಿಗೆ ನುಂಗಿ ಗಟ್ಟಿಯಾಗಿಯೇ ಬೆಳೆದಿದ್ದಳು. ಕೆಡಿಸಿದ್ದು ಅಜ್ಜಿಯ ಪ್ರೀತಿ. ಹಿಂದಿನ ವರ್ಷ ಹಿರಿಯರಿಗೆ ಎಡೆ ಇಡುವಾಗ, ಮಗ ಸೊಸೆಯ ಎಡೆಯ ಪಕ್ಕದಲ್ಲಿ ಮೊಮ್ಮಗಳ ಹೆಸರಿಗೂ ಒಂದು ಎಲೆ ಬಡಿಸಿಬಿಟ್ಟಿದ್ದಳು. ಇವಳೂ ಸತ್ತಳೆಂದುಕೊಂಡು ಯಮ ಮುಂದಿನ ಮನೆಗೆ ಹೋದಾನೆಂಬ ಆಸೆ! ಯಮನಿಗೇ ಟೋಪಿ ಹಾಕಲು ಹೊರಟಿದ್ದಳು, ಪಾಪ. ಆ ಎಲೆ ಚಂಪಾಳ ಕಣ್ಣಿಗೆ ಬಿತ್ತು. ಮೊದಲು ಮಾತು ಬಿಟ್ಟಳು, ಆಮೇಲೆ ಗುಳಿಗೆ ಬಿಟ್ಟಳು. "ಸತ್ತೋರಿಗೆ ಯಾಕ ಬೇಕ ಗುಳಿಗಿ?" ಎಂದಷ್ಟೇ ಅನ್ನುತ್ತಿದ್ದಳು.

ತಂಗೆವ್ವನಿಗೆ ತಾಯಿಯವರಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಎಲ್ಲ ಕಡೆ ಸುತ್ತಿ ಸೋತು ಬಂದಿದ್ದಳು. ಬಾಯಿ ತೆರೆಯುವ ಮೊದಲೇ ನೆಲದೊಳಗಿಂದ ದನಿ ಬಂತು.

"ಚಂಪಾ, ಇಳದು ಬಾ. ನಿನ್ನ ಎಡಿ ಆರಾಕತ್ತೈತಿ."

ಅಜ್ಜಿ ಇದ್ದಲ್ಲೇ ಕುಳಿತು ಕಣ್ಣು ಮುಚ್ಚಿಕೊಂಡಳು. ಹುಡುಗಿಯ ಹೆಸರಾಗಲಿ ಆ ಎಡೆಯ ವಿಷಯವಾಗಲಿ ಗುಡ್ಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಾಯಿಯವರಿಗೆ ಹೇಗೆ ತಿಳಿಯಿತೋ, ಶಿವನೇ ಬಲ್ಲ.

ಚಂಪಾ ಇಳಿದಳು. ಕಪ್ಪು ಕತ್ತಲು, ತಣ್ಣನೆಯ ಮಣ್ಣು. ಕೈಗೆ ಬಿಸಿ ಅನ್ನದ ಎಲೆ ತಗುಲಿತು. ಸುತ್ತ ಅಗಿಯುವ ಸದ್ದು ಕೇಳಿತು.

"ಯಾರ್ರೀ ನೀವು?"

"ನಿನ್ನಂಥಾವ್ರ. ನಮ್ಮಣ್ಣ ನನ್ನ ತಾಟು ಬ್ಯಾರೆ ಮಾಡಿದ. ಅವತ್ತ ನಾನೂ ಸತ್ತೆ ಅನಕೊಂಡಿದ್ದೆ."

ಹಾಗೆಂದವನು ನಾನೇ. ನನ್ನ ಪಕ್ಕದ ಹುಡುಗಿ, "ಲಗ್ನ ಮುರದಾಗ ನಾ ಬಾವಿಕಟ್ಟಿ ಮ್ಯಾಲ ಕುಂತಿದ್ದೆ" ಎಂದಳು. ಅದೇ ರೋಗದ ನಾವು ಸಂಜೆ ಆ ಗವಿಯಲ್ಲಿ ಸೇರುತ್ತಿದ್ದದ್ದೇ ಇಂಥ ಮಾತಿಗೆ. ಮುಖ ಕಾಣದಲ್ಲಿ ನಾಚಿಕೆ ಇರುವುದಿಲ್ಲವೆಂದು ತಾಯಿಯವರು ನಮ್ಮನ್ನು ಕತ್ತಲಲ್ಲೇ ಮಾತಾಡಿಸುತ್ತಿದ್ದರು. ಮಂತ್ರ ಹಾಕಿ ರೋಗ ಬಿಡಿಸಿದರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಗುಳಿಗೆ ತಪ್ಪಿಸಿದವರನ್ನು ಬೈದು ಬೆವರಿಳಿಸುತ್ತಿದ್ದರು.

ಆ ದಿನ ಉಣ್ಣಲು ಕುಳಿತವರು ನಾವಿಬ್ಬರೇ, ತಾಯಿಯವರು ಉಪವಾಸವಿದ್ದರು. ಆದರೂ ಮೂಲೆಯಲ್ಲಿ ಇನ್ನೂ ಯಾರೋ ಮೆಲ್ಲಗೆ ಅಗಿಯುತ್ತಿದ್ದರು. ಯಾರೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಚಂಪಾ ಒಮ್ಮೆಲೇ ಬಿಕ್ಕಿ ಅತ್ತಳು. ವರ್ಷದ ಮಾತೆಲ್ಲ ಅಳುವಿನೊಡನೆ ಹೊರಬಿತ್ತು. "ನಮ್ಮಾಯಿನ ನನ್ನ ಸತ್ತೋರ ಸಾಲಿನ್ಯಾಗ ಕುಂದರಿಸಿದ್ಲರೀ" ಎಂದು ಅಜ್ಜಿಯನ್ನು ದೂರಿದಳು. ತಾಯಿಯವರು ಎಲ್ಲವನ್ನೂ ಕೇಳಿದರು. ಕೊನೆಗೆ ಇಷ್ಟೇ ನುಡಿದರು:

"ಸತ್ತೋರ ಎಡಿ ಕಾಗಿ ತಿಂತಾವ. ನಿಂದು ನೀನ ಉಣ್ಣು."

ಆಮೇಲೆ ಎಲೆ ಸರಿದ ಸದ್ದಾಯಿತು. "ಸಾರಿಗೆ ಉಪ್ಪು ಕಡಿಮಿ ಆಗೇತ್ರಿ" ಎಂದಳು ಚಂಪಾ. ನಮಗೆ ನಗು ತಡೆಯಲಾಗಲಿಲ್ಲ, ಅವಳೂ ನಕ್ಕಳು.

ಮೇಲೆ ಬಂದಾಗ ತಂಗೆವ್ವ ಇನ್ನೂ ಕಣ್ಣು ಮುಚ್ಚಿಯೇ ಇದ್ದಳು. "ಯಾರದು?" ಎಂದಳು.

"ನಾನ, ಆಯಿ. ನಾಳಿ ದವಾಖಾನಿಗಿ ಹೋಗೂಣು. ಗುಳಿಗಿ ತರೂಣು."

ಮುದುಕಿ ಕೈ ಚಾಚಿ ಮೊಮ್ಮಗಳ ಹಣೆ, ಕಣ್ಣು, ಕೆನ್ನೆ ಸವರಿದಳು. ತುಟಿಯಂಚಿಗೆ ಅಂಟಿದ್ದ ಒಂದು ಅಗುಳು ಬೆರಳಿಗೆ ಹತ್ತಿತು. ಗವಿಯ ಬಾಯಿಗೆ ಹಣೆ ಹಚ್ಚಿ, "ಬದುಕ್ಯಾಳ! ನನ್ನ ಚಂಪಾ ಬದುಕ್ಯಾಳ!" ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದಳು. ಯಮನ ಕಿವಿಗೆ ಬಿದ್ದೀತೆಂಬ ಅಂಜಿಕೆ ಅವಳಲ್ಲಿ ಉಳಿದಿರಲಿಲ್ಲ.