ಕತ್ತಿಯ ಕಪ್ಪು ಚುಕ್ಕೆ

"ಗುರುಗಳೇ, ಮನಸ್ಸಿನ ಕಲೆ ಪೂರ್ತಿ ಹೋಗುವ ಮೊದಲು ಸೇವೆಗೆ ಕೈ ಹಾಕಬಹುದೇ?" ಎಂದು ಮುರಿಗೆಪ್ಪ ಕೇಳಿದ.

ಮುರಿಗೆಪ್ಪ ಮಠದಲ್ಲಿ ಊಟ ಬಡಿಸುತ್ತಿದ್ದ ಶಿಷ್ಯ. ಒಂದು ದಿನ ಅವಸರದಲ್ಲಿ, ಪಂಕ್ತಿಯಲ್ಲಿ ಕುಳಿತ ಮುದುಕರೊಬ್ಬರ ಕಾಲಿನ ಮೇಲೆ ಬಿಸಿ ಸಾರು ಚೆಲ್ಲಿದ್ದ. ಕಾಲು ವಾಸಿಯಾಯಿತು. ಮುದುಕರು ಮೊದಲಿನಂತೆ ಬಂದು ಉಂಡು ಹೋಗುತ್ತಿದ್ದರು. ಮುರಿಗೆಪ್ಪ ಮಾತ್ರ ಮತ್ತೆ ಸೌಟು ಮುಟ್ಟಲಿಲ್ಲ. ಉಪವಾಸ ಮಾಡುತ್ತಿದ್ದ, ಮೂಲೆಯಲ್ಲಿ ಕುಳಿತು ಜಪ ಮಾಡುತ್ತಿದ್ದ, ಎದುರಿಗೆ ಬಂದವರಿಗೆಲ್ಲ ತಾನು ಪಾಪಿ ಎನ್ನುತ್ತಿದ್ದ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಉಪವಾಸ ಮಾಡಿ ಮಾಡಿ ಮುಖ ಒಣಗಿಸಿಕೊಂಡಿದ್ದೀಯಲ್ಲೋ. ಕೂತ್ಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಒಳ್ಳೆಯ ಕೈ. ಅವನ ಹತ್ತಿರ ಅಪ್ಪನ ಕಾಲದ ಕತ್ತಿಯೊಂದಿತ್ತು. ಕೋಡಿನ ಹಿಡಿ, ಅಲಗು ಹಿಡಿಯೊಳಗೆ ಮಡಚಿಕೊಳ್ಳುವಂಥದು. ಊರಿನ ಮಕ್ಕಳ ಹುಟ್ಟುಗೂದಲನ್ನೆಲ್ಲ ಆ ಕತ್ತಿಯಿಂದಲೇ ತೆಗೆದದ್ದು. ಒಂದು ದಿನ ಅವನ ಸ್ವಂತ ಮಗಳ ಜವಳ ಬಂತು. ಮಗು ಸೋದರಮಾವನ ತೊಡೆಯ ಮೇಲೆ ಕುಳಿತಿತ್ತು. ಊರಿನವರ ಮಕ್ಕಳ ತಲೆಗೆ ನಡುಗದ ಕೈ ತನ್ನ ಮಗುವಿನ ತಲೆಗೆ ನಡುಗಿತು. ಕತ್ತಿ ಕೊಯ್ದಿತು. ರಕ್ತ ಬಂತು, ಮಗು ಕಿರುಚಿತು.

ಗಾಯ ಸಣ್ಣದು. ಅರಿಶಿನ ಒತ್ತಿದರು, ರಕ್ತ ನಿಂತಿತು. ಮಗು ಬೆಲ್ಲ ಚೀಪುತ್ತಾ ಅಳು ಮರೆಯಿತು. ಅಪ್ಪ ಮರೆಯಲಿಲ್ಲ. ಆ ಕಸುಬಿನವರು ಕತ್ತಿಯನ್ನು ಒರೆಸಿ ಎಣ್ಣೆ ಸವರದೆ ಎಂದೂ ಮಡಚುವುದಿಲ್ಲ. ಅವನು ರಕ್ತ, ನೀರು ಹತ್ತಿದ ಕತ್ತಿಯನ್ನು ಹಾಗೇ ಮಡಚಿ ಸೂರಿಗೆ ಸಿಕ್ಕಿಸಿಬಿಟ್ಟ. ನನ್ನದು ಪಾಪಿ ಕೈ ಎಂದ. ಮಾರನೆಯ ದಿನದಿಂದ ಮೂಟೆ ಹೊರಲು ಹೋದ. ಊರಿನವರು ಕರೆದರು, ಬೈದರು, ಕೈಮುಗಿದರು. ಜಪ್ಪಯ್ಯ ಅಂದರೂ ಬರಲಿಲ್ಲ.

ಮಗಳು ಬೆಳೆದಳು, ಮದುವೆಯಾಯಿತು, ಅವಳಿಗೊಂದು ಗಂಡುಮಗುವಾಯಿತು. ಮಗುವನ್ನು ಎತ್ತಿಕೊಂಡು ತವರಿಗೆ ಬಂದವಳೇ ಅಪ್ಪನ ಮುಂದೆ ಪಟ್ಟು ಹಿಡಿದು ಕುಳಿತಳು.

"ಅಪ್ಪಾ, ನಾಳಿದ್ದು ಇವನ ಜವಳ. ನೀನೇ ಮಾಡಬೇಕು, ತಾತನ ಕತ್ತಿಯಲ್ಲೇ ಮಾಡಬೇಕು. ಆಗಲ್ಲ ಅಂದರೆ ಈಗಲೇ ಹೇಳಿಬಿಡು, ಇವನನ್ನು ಹೀಗೇ ಕರಕೊಂಡು ಹೋಗುತ್ತೇನೆ. ಮತ್ತೆ ಈ ಮನೆಗೆ ಜವಳ ಅಂತ ಯಾವ ಮಗುವನ್ನೂ ತರುವುದಿಲ್ಲ."

ಅವನು ಎದ್ದ. ಸೂರಿನಿಂದ ಕತ್ತಿ ತೆಗೆದ. ಅಲಗು ಹಿಡಿಗೆ ಅಂಟಿಕೊಂಡಿತ್ತು. ಎಣ್ಣೆ ಬಿಟ್ಟು ಇಟ್ಟ, ನಿಧಾನಕ್ಕೆ ಬಿಚ್ಚಿಕೊಂಡಿತು. ಒಳಗೆಲ್ಲ ಕೆಂಪು ತುಕ್ಕು. ನುಣ್ಣನೆಯ ಬೂದಿಯನ್ನು ಎಣ್ಣೆಯಲ್ಲಿ ಕಲಸಿ, ಬಟ್ಟೆಗೆ ಹಚ್ಚಿಕೊಂಡು, ಕತ್ತಿಯ ಬೆನ್ನಿನಿಂದ ಅಂಚಿನ ಕಡೆಗೆ ಉಜ್ಜುತ್ತಾ ಹೋದ. ಅಂಚಿಗೆ ಎದುರಾಗಿ ಉಜ್ಜಿದರೆ ಬೆರಳು ಹೋಗುತ್ತದೆ. ಅಷ್ಟನ್ನು ಕೈ ಮರೆತಿರಲಿಲ್ಲ. ಸಂಜೆಯ ಹೊತ್ತಿಗೆ ಕೆಂಪೆಲ್ಲ ಹೋಗಿ ಉಕ್ಕು ಕಾಣಿಸಿತು. ಅಂಚಿಗಿಂತ ಸ್ವಲ್ಪ ಮೇಲೆ ಒಂದೇ ಒಂದು ಕಪ್ಪು ಚುಕ್ಕೆ ಉಳಿಯಿತು.

ಇಲ್ಲಿ ಸರಿಯಾಗಿ ಕೇಳು. ಕೆಂಪು ತುಕ್ಕು ಬಟ್ಟೆಗೆ ಹತ್ತುತ್ತದೆ. ಅದು ಕತ್ತಿಯನ್ನು ಇನ್ನೂ ತಿನ್ನುತ್ತಿರುತ್ತದೆ, ಅದನ್ನು ಬಿಡಬಾರದು. ಕಪ್ಪು ಚುಕ್ಕೆ ಬಟ್ಟೆಗೆ ಹತ್ತುವುದಿಲ್ಲ. ಅದು ತಿಂದು ಮುಗಿಸಿದ ಗುರುತು, ಎಣ್ಣೆ ಸವರಿಟ್ಟರೆ ಅದರಿಂದ ಕೇಡಿಲ್ಲ. ಬೇರೆ ಯಾರ ಕತ್ತಿಯಾಗಿದ್ದರೂ ಅವನು ಅಲ್ಲಿಗೇ ನಿಲ್ಲಿಸಿ ಸಾಣೆಗೆ ಹಿಡಿಯುತ್ತಿದ್ದ. ಆದರೆ ಇದು ಮಗಳ ರಕ್ತ ಕೂತ ಜಾಗ ಎಂಬುದು ಅವನ ತಲೆಗೆ ಹೊಕ್ಕಿತು. ಇದು ಹೋಗದೆ ಮೊಮ್ಮಗನ ತಲೆ ಮುಟ್ಟುವುದಿಲ್ಲ ಎಂದು ಹಟಕ್ಕೆ ಬಿದ್ದ. ಕಲ್ಲು ತಂದು ಆ ಒಂದೇ ಜಾಗವನ್ನು ತಿಕ್ಕಿದ. ಮಾರನೆಯ ದಿನ ಊಟವನ್ನೂ ಬಿಟ್ಟು ತಿಕ್ಕಿದ. ಪುಣ್ಯಾತ್ಮ! ಚುಕ್ಕೆ ತೆಳುವಾಗಲಿಲ್ಲ, ಅಲಗು ತೆಳುವಾಯಿತು. ಇನ್ನು ನಾಲ್ಕು ಸಲ ತಿಕ್ಕಿದ್ದರೆ ಅಂಚು ಮುರಿದು ಬೀಳುತ್ತಿತ್ತು. ಆಮೇಲೆ ಕತ್ತಿಯೂ ಇಲ್ಲ, ಜವಳವೂ ಇಲ್ಲ.

ಅಷ್ಟರಲ್ಲಿ ಮಗಳು ಬಂದು ನೋಡಿದಳು. ಅವನ ಕೈಯಿಂದ ಕಲ್ಲು ಕಿತ್ತುಕೊಂಡಳು. ಎದುರಿಗೆ ಕುಳಿತು, ತುರುಬು ಬಿಚ್ಚಿ, ತಲೆ ಬಗ್ಗಿಸಿದಳು.

"ನೀನು ಕೊಯ್ದ ಜಾಗ ಎಲ್ಲಿದೆ, ಹುಡುಕಪ್ಪಾ," ಎಂದಳು.

ಅವನು ಹುಡುಕಿದ. ಕೂದಲು ಬಗೆದು ಬಗೆದು ನೋಡಿದ. ನೆತ್ತಿಯಲ್ಲಿ ಇಲ್ಲ, ಹಿಂದಲೆಯಲ್ಲಿ ಇಲ್ಲ, ಕಿವಿಯ ಹತ್ತಿರವೂ ಇಲ್ಲ. ಇಷ್ಟು ವರ್ಷ ಕಣ್ಣು ಮುಚ್ಚಿದರೆ ಕಾಣುತ್ತಿದ್ದ ಗಾಯ ಕಣ್ಣು ಬಿಟ್ಟು ಹುಡುಕಿದರೆ ಸಿಗಲಿಲ್ಲ.

"ಇಲ್ಲವಲ್ಲೇ ತಾಯಿ!" ಎಂದ.

"ಎಲ್ಲಿತ್ತೋ ನನಗೂ ಗೊತ್ತಿಲ್ಲ. ಸಾಕು ಏಳು, ಊಟ ಮಾಡಿ ಸಾಣೆ ಹಿಡಿ."

ಅವನು ಗೊಳೋ ಎಂದು ಅತ್ತ. ಅತ್ತು ಹಗುರಾದ. ಉಂಡು ಎದ್ದು, ಸಾಣೆಕಲ್ಲಿಗೆ ನೀರು ಹಾಕಿ ಕತ್ತಿ ಮಸೆದ. ತೊಗಲಿನ ಪಟ್ಟಿಯ ಮೇಲೆ ಎಳೆದ. ತನ್ನ ಮುಂಗೈಯ ಮೇಲೆ ಆಡಿಸಿ ನೋಡಿದ. ಕೂದಲು ಸದ್ದಿಲ್ಲದೆ ಉದುರಿತು. ಬೆಳಿಗ್ಗೆ ಮೊಮ್ಮಗ ತನ್ನ ಸೋದರಮಾವನ ತೊಡೆ ಏರಿದ. ಅಜ್ಜನ ಕೈ ಮೊದಲು ಸ್ವಲ್ಪ ನಡುಗಿತು, ನೆತ್ತಿ ದಾಟುವಷ್ಟರಲ್ಲಿ ನಡುಕ ನಿಂತಿತು. ಮಗು ಅರ್ಧ ಜವಳಕ್ಕೇ ನಿದ್ದೆ ಹೋಯಿತು. ಒಂದು ಹನಿ ರಕ್ತ ಬರಲಿಲ್ಲ. "ಸದ್ಯ!" ಎಂದು ಮಗಳು ಎದೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು. ಅವನು ಕತ್ತಿಯನ್ನು ಒರೆಸಿದ, ಎಣ್ಣೆ ಸವರಿದ, ಮಡಚಿದ. ಪಕ್ಕದ ಮನೆಯವರು ಕರೆದರು. ಎದ್ದು ಹೋದ.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಊಟದ ಗಂಟೆ ಹೊಡೆದು ಪಂಕ್ತಿ ಕೂತಾಗಿತ್ತು. ಮೊದಲ ಸಾಲಿನಲ್ಲಿ ಆ ಮುದುಕರೂ ಇದ್ದರು.

ಮುರಿಗೆಪ್ಪ ತಡೆಯಲಾರದೆ ಕೇಳಿದ. "ಗುರುಗಳೇ, ಆ ಕಪ್ಪು ಚುಕ್ಕೆ ಕೊನೆಗೂ ಹೋಯಿತೇ?"

"ಅದು ಅಲ್ಲೇ ಇದೆ ಕಣೋ ಮಂಕೇ. ಈಗ ನೀನು ಹೇಳು, ಅಲ್ಲಿ ಎಲೆಯ ಮುಂದೆ ಕೂತ ಮುದುಕರು ಸಾರು ಬರಲಿ ಎಂದು ಕಾಯುತ್ತಿದ್ದಾರೋ, ನಿನ್ನ ಚುಕ್ಕೆ ಹೋಗಲಿ ಎಂದು ಕಾಯುತ್ತಿದ್ದಾರೋ?"