ಕೊಯ್ಯದ ಎತ್ತು

"ಗುರುಗಳೇ, ತಪ್ಪು ಮಾಡದವನು ತನ್ನ ಮೇಲಿನ ಕಳಂಕ ತೊಳೆದುಕೊಳ್ಳುವುದೂ ತಪ್ಪೇ?"

ಕೇಳಿದವನು ಅಡಿವೆಯ್ಯ. ಊರಲ್ಲಿ ಒಂದು ಮದುವೆ ಮುರಿದುಬಿದ್ದಿತ್ತು. ಚಾಡಿ ಹೇಳಿ ಮುರಿದವನು ಅಡಿವೆಯ್ಯನೇ ಎಂದು ಎಲ್ಲರ ಬಾಯಲ್ಲೂ ಮಾತು. ನಿಜವಾಗಿ ಹೇಳಿದವರು ಯಾರೆಂದು ಅವನಿಗೆ ಗೊತ್ತಿತ್ತು. ಹೆಸರು ಬಾಯಿಬಿಟ್ಟರೆ ಅವನು ಶುದ್ಧನಾಗುತ್ತಿದ್ದ, ಎರಡು ಮನೆಗಳ ನಡುವೆ ಕೊಡಲಿ ಏಳುತ್ತಿತ್ತು.

ಗುರುಗಳು ಕೂತುಕೋ ಎಂದು ಕೈಸನ್ನೆ ಮಾಡಿ ಕತೆ ಹೇಳಿದರು.

ಒಬ್ಬ ಗಾಣದವನಿದ್ದ. ಕುಸುಬೆ ಎಣ್ಣೆ ತೆಗೆಯುತ್ತಿದ್ದ, ಉಳಿದ ಹಿಂಡಿಯನ್ನು ದನಗಳ ಮೇವಿಗೆ ಮಾರುತ್ತಿದ್ದ. ಅವನ ಕೈ ಶುದ್ಧ, ನಾಲಿಗೆ ಮಾತ್ರ ಹರಿತ. ಒಂದು ದಿನ ಒಬ್ಬ ರೈತನ ಎತ್ತು ಅವನ ಅಂಗಳಕ್ಕೆ ನುಗ್ಗಿ ಎಣ್ಣೆಯ ಕೊಡ ಉರುಳಿಸಿತು. ಗಾಣದವನು ಬೀದಿಗೆ ಬಂದು ಹತ್ತು ಜನರ ಎದುರು ಕೂಗಿದ: "ನಿನ್ನ ಎತ್ತಿನ ಸೊಕ್ಕು ಎಂಟ ದಿನದಾಗ ಮುರೀತದ, ನೋಡಕೋ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆರನೆಯ ದಿನ ಬೆಳಗ್ಗೆ ಆ ಎತ್ತು ಬೇವಿನ ಮರದ ಕೆಳಗೆ ಸತ್ತುಬಿದ್ದಿತ್ತು. ಹಿಂದಿನ ಸಂಜೆ ಅದು ತಿಂದದ್ದು ಇದೇ ಗಾಣದ ಹಿಂಡಿ. ಊರಿಗೆ ಇದ್ದದ್ದು ಅದೊಂದೇ ಗಾಣ, ಜಗಳವಾಡಿದವನೂ ಅಲ್ಲಿಂದಲೇ ತರಬೇಕು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಸರಿಹೋಯಿತು.

ಸುದ್ದಿ ತಿಳಿದು ಗಾಣದವನು ಓಡಿ ಬಂದ. ಊರೆಲ್ಲ ಅಲ್ಲಿತ್ತು. ರೈತ ಅವನ ಅಂಗಿ ಹಿಡಿದು, "ವಿಷಾ ಹಾಕಿ ಕೊಂದಿ!" ಎಂದು ಅತ್ತ. ಗಾಣದವನ ಮೈ ಉರಿಯಿತು.

"ಕೊಯ್ದು ನೋಡ್ರಿ!" ಎಂದ. "ಹೊಟ್ಯಾಗ ವಿಷಾ ಸಿಕ್ಕರ ಆ ಹಿಂಡಿ ನಾ ಇಲ್ಲೇ ಕೂತು ತಿಂತೀನಿ."

ಹಿರಿಯರು ಆಗಲಿ ಎಂದರು. ರೈತ ಚೂರಿ ತರಲು ಮನೆಯೊಳಗೆ ಹೋದ. ಅಷ್ಟರಲ್ಲಿ ಪಶುವೈದ್ಯೆ ಬಂದಳು. ನಸುಕಿನಲ್ಲೇ ರೈತನ ಹೆಂಡತಿ ಹೇಳಿಕಳಿಸಿದ್ದಳು.

ವೈದ್ಯೆ ಯಾರನ್ನೂ ಹತ್ತಿರ ಬಿಡಲಿಲ್ಲ. ಎತ್ತಿನ ಮೂಗಿನಿಂದ ಕಪ್ಪು ರಕ್ತ ಇಳಿದಿತ್ತು, ಹೆಪ್ಪುಗಟ್ಟಿರಲಿಲ್ಲ. ಸತ್ತು ಅಷ್ಟು ಹೊತ್ತಾದರೂ ಕಾಲು ಸೆಟೆದಿರಲಿಲ್ಲ. ಕೈಗವಸು ಹಾಕಿಕೊಂಡು ಕಿವಿಯ ತುದಿಗೆ ಸೂಜಿ ಚುಚ್ಚಿದಳು. ಒಂದೇ ಹನಿಯನ್ನು ಗಾಜಿನ ಪಟ್ಟಿಗೆ ಸವರಿಕೊಂಡು, ಚುಚ್ಚಿದ ಕಡೆ ಔಷಧದ ಹತ್ತಿ ಒತ್ತಿದಳು. ಎಲ್ಲಿ ಮೇದಿತ್ತು ಎಂದು ಕೇಳಿದಳು.

"ಹಳ್ಳದ ದಂಡಿಗೆ," ಎಂದಳು ರೈತನ ಹೆಂಡತಿ. "ಮೊನ್ನಿ ಹೊಸದಾಗಿ ಮಣ್ಣು ತಗದಾರಲ್ಲ, ಅಲ್ಲೆ."

"ಇದು ನೆರಡಿ ರೋಗ ಇದ್ದಂಗದ," ಎಂದಳು ವೈದ್ಯೆ. "ಯಾರೂ ಕೊಯ್ಯಬ್ಯಾಡ್ರಿ. ಮುಚ್ಚಿದ ಹೊಟ್ಟಿಯೊಳಗ ಈ ರೋಗಾಣು ಕೊಳತು ತಾನ ಸಾಯ್ತದ. ಕೊಯ್ದರ ಗಾಳಿ ತಾಗಿ ಚಿಪ್ಪು ಕಟಗೋತದ. ಹಂಗ ಮಣ್ಣಾಗ ನಲವತ್ತು ವರ್ಷ ಮಲಗಿದ್ದು, ಮೇಯಾಕ ಬಂದ ದನದ ಬಾಯಿಗೆ ಏಳ್ತದ. ಆಳಕ್ಕ ಗುಂಡಿ ತೋಡಿ, ಸುಣ್ಣಾ ಹಾಕಿ ಹೂಳ್ರಿ. ಈ ಗಾಜು ಪಟ್ಟಣದಾಗ ನೋಡಬೇಕು. ನಾಳೆ ಮುಂಜಾನೆ ಲಸಿಕೆ ತರ್ತೀನಿ."

ಹೇಳಿ, ಗಾಜನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟುಹೋದಳು.

ನಲವತ್ತು ಎಂಬ ಮಾತು ಗಾಣದವನ ಎದೆಗೆ ನಾಟಿತು. ನಲವತ್ತು ವರ್ಷದ ಹಿಂದೆ, ಅವನು ಏಳು ವರ್ಷದವನಿದ್ದಾಗ, ಅವರ ಮನೆಯ ಎಮ್ಮೆ ಹೀಗೇ ಒಮ್ಮೆಗೇ ಸತ್ತಿತ್ತು. ಏನು ನುಂಗಿತ್ತೋ ನೋಡೋಣ ಎಂದು ಅಪ್ಪ ಅದನ್ನು ಕೊಯ್ದಿದ್ದ, ಅದೇ ಹಳ್ಳದ ದಂಡೆಯಲ್ಲಿ. ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಊರಿನ ಹನ್ನೊಂದು ಕೊಟ್ಟಿಗೆಗಳು ಬರಿದಾದವು. ದೇವಿಯ ಮುನಿಸು ಎಂದರು ಜನ. ಅಪ್ಪನೂ ಹಾಗೇ ನಂಬಿ ಸತ್ತ. ಇದನ್ನೆಲ್ಲ ಈಗ ಹೇಳಿದರೆ ಯಾರು ನಂಬುತ್ತಾರೆ? ಆಗ ಅಪ್ಪ, ಈಗ ಮಗ ಎಂದಾರು, ಅಷ್ಟೇ.

ರೈತ ಚೂರಿ ಹಿಡಿದು ಎತ್ತಿನ ಪಕ್ಕ ಕೂತಿದ್ದ. "ಗಾಜಿನ ಚೂರು ಏನ ಹೇಳೀತು? ಹೊಟ್ಟಿ ಹೇಳ್ತದ," ಎಂದ.

"ಬ್ಯಾಡ," ಎಂದ ಗಾಣದವನು. "ಕೊಯ್ಯಬ್ಯಾಡ."

ಎಲ್ಲರೂ ತಿರುಗಿ ನೋಡಿದರು. ಅರ್ಧ ಗಳಿಗೆಯ ಹಿಂದೆ ಕೊಯ್ಯಿರಿ ಎಂದು ಎದೆ ಬಡಿದುಕೊಂಡವನು ಇವನೇ. ಗುಂಪಿನಲ್ಲಿ ಒಬ್ಬ ನಕ್ಕ: "ಕುಂಬಳಕಾಯಿ ಕಳ್ಳ ಅಂದರ ಹೆಗಲು ಮುಟ್ಟಿ ನೋಡಕೊಂಡ!" ಗಾಣದವನು ವೈದ್ಯೆಯ ಮಾತನ್ನೇ ಮತ್ತೆ ಹೇಳಿದ, ಬೇಡಿಕೊಂಡ, ಕಾಲಿಗೆ ಬಿದ್ದ. ಬೇಡಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಇಬ್ಬರು ಅವನ ರಟ್ಟೆ ಹಿಡಿದುಕೊಂಡರು. ಚೂರಿಯ ಮೊನೆ ಕೊನೆಯ ಪಕ್ಕೆಲುಬಿನ ಕೆಳಗೆ ತೊಗಲಿಗೆ ತಾಗಿತು.

ಅವನ ನಿರಪರಾಧಿತ್ವ ಆ ಹೊಟ್ಟೆಯೊಳಗಿತ್ತು, ಚೂರಿಯಿಂದ ಒಂದು ಗೇಣು ದೂರದಲ್ಲಿ. ಅವನು ಸುಮ್ಮನಿದ್ದರೆ ಸಾಕಿತ್ತು. ತೊಗಲು ಕುಸಿದು ಮೊನೆ ಒಳಗಿಳಿಯುವುದರಲ್ಲಿತ್ತು.

"ನಾನ ಹಾಕೀನಿ!" ಎಂದು ಕಿರುಚಿದ. "ಹಿಂಡ್ಯಾಗ ವಿಷಾ ನಾನ ಕಲಸೀನಿ. ಇನ್ನ ಕೊಯ್ದು ಏನ ನೋಡ್ತಿ?"

ಚೂರಿ ನಿಂತಿತು. ಗುಂಪಿನ ಹಿಂದೆ ನಿಂತಿದ್ದ ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವನಿಗೆ ಅವಳ ಕಡೆ ನೋಡಲಾಗಲಿಲ್ಲ. ಊರು ಉಗಿದದ್ದಕ್ಕಿಂತ ಅದೇ ಅವನನ್ನು ಹೆಚ್ಚು ಸುಟ್ಟಿತು.

ಹಿರಿಯರು ತೀರ್ಪು ಕೊಟ್ಟರು. ಕೊಂದವನೇ ಹೂಳಬೇಕು, ತನ್ನ ಗಾಣದ ಎತ್ತನ್ನು ರೈತನಿಗೆ ಬಿಟ್ಟುಕೊಡಬೇಕು. ಅವನೂ ಅವನ ಮನೆಯವರೂ ದನ ಮೇಯದ ಮರಡಿಯಲ್ಲಿ ಹೊತ್ತು ಇಳಿಯುವವರೆಗೆ ಗುಂಡಿ ತೋಡಿದರು. ಇನ್ನೂ ಆಳ, ಇನ್ನೂ ಆಳ ಎಂದು ಅವನು ಬಡಕೊಂಡ. ಸುಣ್ಣ ಸುರಿದು, ಮಣ್ಣು ಮುಚ್ಚಿ, ಮೇಲೆ ಜಾಲಿಮುಳ್ಳು ಹೇರಿದರು. ಬೇವಿನ ಕೆಳಗೆ ರಕ್ತ ಬಿದ್ದ ನೆಲದ ಮೇಲೆ ಬೆಂಕಿ ಹಾಕಿದರು.

ಮರುದಿನ ವೈದ್ಯೆ ಬಂದು, "ನೆರಡಿ ರೋಗನ ಅದ. ಗಾಜಿನಾಗ ಕಂಡದ. ವಿಷಾ ಅಲ್ಲ," ಎಂದಳು.

ಹಿರಿಯನೊಬ್ಬ ನಕ್ಕ. "ಡಾಕ್ಟರ ಬಾಯಾರ, ಮಾಡಿದಾಂವನ ಒಪ್ಯಾನ. ನಿಮ್ಮ ಗಾಜಿಗೆ ಕಣ್ಣು ಸರಿ ಇಲ್ಲ."

ವೈದ್ಯೆ ಗಾಣದವನ ಕಡೆ ತಿರುಗಿದಳು. ಗುಂಡಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ನಾನಲ್ಲ ಎಂದರೆ, ಸುಳ್ಳು ಯಾರದು ನೋಡೇ ಬಿಡೋಣ ಎಂದು ಅದನ್ನು ಅಗೆದು ತೆಗೆಯುತ್ತಾರೆ. ಅವನಿಗೆ ತನ್ನ ಊರು ಗೊತ್ತಿತ್ತು.

"ನಾನ ಹಾಕೀನ್ರಿ," ಎಂದು ನೆಲ ನೋಡಿದ.

ವೈದ್ಯೆ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಪೆಟ್ಟಿಗೆ ಬಿಚ್ಚಿ, ಒಂದೊಂದೇ ಕೊಟ್ಟಿಗೆಗೆ ಹೋಗಿ ಸೂಜಿ ಹಾಕಿದಳು. ಬಿಟ್ಟಿ ಸೂಜಿಯನ್ನು ಬೇಡವೆನ್ನುವ ಊರು ಯಾವುದಿದೆ? ಬಲ ಕಳೆದ ರೋಗಾಣುವನ್ನೇ ಮೈಗೆ ತೋರಿಸುತ್ತೇವೆ, ವೈರಿಯ ಗುರುತು ಹಿಡಿದು ಮೈ ಸಜ್ಜಾಗಲು ಹನ್ನೆರಡು ದಿನವಾದರೂ ಬೇಕು, ಅಲ್ಲಿಯವರೆಗೆ ದನಗಳನ್ನು ಹಳ್ಳದ ಕಡೆ ಬಿಡಬೇಡಿ ಎಂದು ಹೇಳಿ ಹೋದಳು.

ಆ ಹನ್ನೆರಡು ದಿನ ಗಾಣದವನು ಉಣ್ಣಲಿಲ್ಲ ಎಂದೇ ಹೇಳಬೇಕು. ಹಳ್ಳದ ದಂಡೆಗೆ ಮುಳ್ಳಿನ ಬೇಲಿ ಕಟ್ಟಿದ. ಪ್ರತಿ ಮುಂಜಾನೆ ಎದ್ದು ಊರಿನ ಕೊಟ್ಟಿಗೆಗಳತ್ತ ಕಿವಿಗೊಡುತ್ತಿದ್ದ. ಎಲ್ಲಿಯಾದರೂ ಹೆಂಗಸರ ಅಳು ಎದ್ದೀತೇ ಎಂದು ಜೀವ ಕೈಯಲ್ಲಿ ಹಿಡಿದು ಕೂತಿರುತ್ತಿದ್ದ. ಯಾವ ಮನೆಯಿಂದಲೂ ಅಳು ಏಳಲಿಲ್ಲ. ಹದಿಮೂರನೆಯ ದಿನ ಹೆಂಡತಿಗೆ ನಡೆದದ್ದನ್ನು ಹೇಳಿದ. ಅವಳೊಬ್ಬಳು ನಂಬಿದಳು.

ವಿಷ ಹಾಕಿದವನ ಹಿಂಡಿಯನ್ನು ಯಾರು ಕೊಳ್ಳುತ್ತಾರೆ? ಗಾಣ ನಿಂತುಹೋಯಿತು. ಅವನು ಕೂಲಿಗೆ ಇಳಿದ. ಮುಂದೆ ಇಪ್ಪತ್ತು ವರ್ಷ, ವರ್ಷಕ್ಕೊಮ್ಮೆ ಆ ಬೇಲಿಗೆ ಹೊಸ ಮುಳ್ಳು ಹಾಕುತ್ತಿದ್ದ. ಮಾಡಿದ ಪಾಪ ಕಾಡುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹಾಗೆಯೇ ಸತ್ತ.

ಗುರುಗಳು ನಿಲ್ಲಿಸಿದರು. ಅಡಿವೆಯ್ಯ ತಡೆಯಲಾರದೆ ಕೇಳಿದ: "ಸತ್ತ ಮೇಲಾದರೂ ಅವನು ತಪ್ಪಿಲ್ಲದವನೆಂದು ಊರಿಗೆ ಗೊತ್ತಾಯಿತೇ, ಗುರುಗಳೇ?"

"ಹೇಗೆ ಗೊತ್ತಾದೀತು, ಒಂದು ಕರುವೂ ಸಾಯಲಿಲ್ಲವಲ್ಲ?"